ತಂದ ಹಕ್ಕಿ ಆರಾಮ, ಇದ್ದ ಹಕ್ಕಿಗೆ ಜ್ವರ

ಇಈವಿ ಎಂಬುದು ಹವಾಯಿ ದ್ವೀಪಗಳ ಪುಟ್ಟ ಹಕ್ಕಿ. ಮೈ ಕಡುಗೆಂಪು, ರೆಕ್ಕೆ ಕಪ್ಪು, ಹೂವಿನ ಆಳಕ್ಕೆ ಇಳಿಯುವಷ್ಟು ಉದ್ದನೆಯ ಬಾಗಿದ ಕೊಕ್ಕು. ಹಿಂದೆ ಅಲ್ಲಿನ ಅರಸುಮನೆತನದವರು ಹೊದೆಯುತ್ತಿದ್ದ ಕೆಂಪು ಮೇಲುಹೊದಿಕೆಗಳಿಗೆ ಬಣ್ಣ ಬರುತ್ತಿದ್ದದ್ದು ಇದರ ಗರಿಗಳಿಂದ. ಈ ಹಕ್ಕಿಯ ಮೇಲೆ ಕಾರ್ಟರ್ ಅಟ್ಕಿನ್ಸನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದರ ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಮಲೇರಿಯಾ ಪರಾವಲಂಬಿಯನ್ನು ಹೊತ್ತ ಸೊಳ್ಳೆ ಒಂದೇ ಒಂದು ಸಲ ಕಚ್ಚಿದ ಇಈವಿಗಳಲ್ಲಿ ಶೇ 90ರಷ್ಟು ಸತ್ತುಹೋದವು. ಹಲವು ಸಲ ಕಚ್ಚಿಸಿಕೊಂಡ ಗುಂಪಿನಲ್ಲಿ ಒಂದೂ ಉಳಿಯಲಿಲ್ಲ. ಸಾಯುವ ಮುನ್ನ ಅವು ಮೇವು ಬಿಟ್ಟವು, ತೂಕ ಕಳೆದುಕೊಂಡವು.

ಅದೇ ಪ್ರಯೋಗದಲ್ಲಿ ಚುಕ್ಕೆ ರಾಟವಾಳಗಳೂ ಇದ್ದವು. ಇವು ಏಷ್ಯಾ ಮೂಲದ ಹಕ್ಕಿಗಳು. ಮನುಷ್ಯರು ತಂದುಬಿಟ್ಟದ್ದರಿಂದ ಹವಾಯಿಯಲ್ಲಿ ಬೇರೂರಿದವು. ಅವುಗಳಿಗೂ ಸೋಂಕಿನ ಸೊಳ್ಳೆಗಳಿಂದ ಹಲವು ಸಲ ಕಚ್ಚಿಸಲಾಗಿತ್ತು. ಅವುಗಳಿಗೆ ಏನೂ ಆಗಲಿಲ್ಲ.

ಹೊರಗಿನಿಂದ ತಂದ ಹಕ್ಕಿ ಮತ್ತು ಮೊದಲಿನಿಂದ ಅಲ್ಲೇ ಇದ್ದ ಹಕ್ಕಿಯ ನಡುವಿನ ಈ ಅಜಗಜಾಂತರ ದ್ವೀಪಗಳ ಪಕ್ಷಿಸಂಕುಲವನ್ನು ಕಾಡುತ್ತಿರುವ ಬಿಕ್ಕಟ್ಟಿನ ತಿರುಳು. ಇದನ್ನು ಓದಿದವರಿಗೆ ಮೊದಲು ಹೊಳೆಯುವ ಪರಿಹಾರ ಎಂದರೆ ‘ಹೊರಗಿನ ಹಕ್ಕಿಗಳನ್ನು ಓಡಿಸಿ’ ಎನ್ನುವುದು. ಅದು ತಪ್ಪು ದಾರಿ ಎಂಬುದು ನನ್ನ ವಾದ. ಹೊರಗಿನ ಹಕ್ಕಿ ರೋಗವನ್ನು ತಂದಿತು ಎನ್ನುವುದೇನೋ ನಿಜ. ಆದರೆ ತಂದದ್ದು ಬೇರೆ, ಇವತ್ತು ಅದನ್ನು ಉಳಿಸಿಕೊಂಡಿರುವುದು ಬೇರೆ.

ಮೊದಲು ಬಂದದ್ದು ಸೊಳ್ಳೆ

ಹವಾಯಿ ದ್ವೀಪಗಳಲ್ಲಿ ಮೂಲತಃ ಸೊಳ್ಳೆಯೇ ಇರಲಿಲ್ಲ. ಯಾವ ಭೂಖಂಡಕ್ಕೂ ಹತ್ತಿರವಿಲ್ಲದ, ಪೆಸಿಫಿಕ್ ಸಾಗರದ ನಡುವೆ ಜ್ವಾಲಾಮುಖಿಗಳಿಂದ ಎದ್ದ ನೆಲ ಅದು. ಅಷ್ಟು ದೂರ ಹಾರಿ ಬಂದು ನೆಲೆಯೂರಿದ ಪ್ರಾಣಿಗಳು ಕಡಿಮೆ. ಬಂದವು ಮಾತ್ರ ಹತ್ತಾರು ಬಗೆಯಾಗಿ ಕವಲೊಡೆದವು. ಲಕ್ಷಾಂತರ ವರ್ಷಗಳ ಹಿಂದೆ ಏಷ್ಯಾ ಕಡೆಯಿಂದ ಬಂದ ಫಿಂಚ್ ಜಾತಿಯ ಹಕ್ಕಿಯೊಂದರ ಸಂತತಿ 50ಕ್ಕೂ ಹೆಚ್ಚು ಪ್ರಭೇದಗಳಾಗಿ ಒಡೆಯಿತು. ಮಕರಂದ ಹೀರುವವು, ತೊಗಟೆ ಸೀಳಿ ಹುಳ ತೆಗೆಯುವವು, ಬೀಜ ಒಡೆಯುವವು, ಬಸವನಹುಳು ತಿನ್ನುವವು ಎಂದು ಒಂದೊಂದರ ಕೊಕ್ಕೂ ಒಂದೊಂದು ಆಕಾರ ಪಡೆಯಿತು. ಹನಿಕ್ರೀಪರ್ ಎಂದು ಕರೆಯುವ ಈ ಬಳಗದಲ್ಲಿ ಇಂದು ಉಳಿದಿರುವುದು ಸುಮಾರು 17 ಪ್ರಭೇದಗಳು.

1826ರಲ್ಲಿ ಮಾವಿ ದ್ವೀಪದ ಲಹೈನಾ ಬಂದರಿನಲ್ಲಿ ವೆಲಿಂಗ್ಟನ್ ಎಂಬ ಹಡಗು ತನ್ನ ಪೀಪಾಯಿಗಳ ಹಳೇ ನೀರನ್ನು ಚೆಲ್ಲಿ ಹೊಸ ನೀರು ತುಂಬಿಸಿಕೊಂಡಿತು, ಚೆಲ್ಲಿದ ನೀರಿನಲ್ಲಿ ಸೊಳ್ಳೆಮರಿಗಳಿದ್ದವು ಎಂಬುದು ಅಲ್ಲಿನ ಚರಿತ್ರೆಯಲ್ಲಿ ದಾಖಲಾದ ಮಾತು. ಹೀಗೆ ಕಾಲಿಟ್ಟದ್ದು ಕ್ಯೂಲೆಕ್ಸ್ ಕ್ವಿಂಕಿಫ್ಯಾಸಿಯೇಟಸ್. ಮನೆಯ ಸುತ್ತಿನ ಕೊಳಕು ನೀರಿನಲ್ಲಿ ಬೆಳೆದು ರಾತ್ರಿ ಹೊತ್ತು ಕಚ್ಚುವ, ಉಷ್ಣವಲಯದ ಯಾವ ಊರಿಗೂ ಹೊಸದಲ್ಲದ ಸೊಳ್ಳೆ.

ಸೊಳ್ಳೆ ಬಂದ ತಕ್ಷಣ ಮಲೇರಿಯಾ ಬರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಹಾಗೆ ನೋಡಿದರೆ ಸಾವಿರಾರು ವರ್ಷಗಳಿಂದ ಬಾತುಕೋಳಿಗಳು, ಗೊರವಗಳಂಥ ಕಡಲತೀರದ ಹಕ್ಕಿಗಳು ಉತ್ತರದಿಂದ ಪ್ರತಿವರ್ಷ ಹವಾಯಿಗೆ ವಲಸೆ ಬರುತ್ತಲೇ ಇದ್ದವು. ಅವುಗಳಲ್ಲಿ ಕೆಲವಾದರೂ ರಕ್ತದಲ್ಲಿ ಪರಾವಲಂಬಿಯನ್ನು ಹೊತ್ತು ತಂದಿರಬಹುದು. ತಂದಿದ್ದರೂ ಅದನ್ನು ಇನ್ನೊಂದು ಹಕ್ಕಿಗೆ ದಾಟಿಸಲು ಸೊಳ್ಳೆ ಇರಲಿಲ್ಲ. 1826ರ ನಂತರ ಸೊಳ್ಳೆ ಇತ್ತು, ಆದರೆ ಸರಿಯಾದ ಪರಾವಲಂಬಿಯನ್ನು ರಕ್ತದಲ್ಲಿಟ್ಟುಕೊಂಡು ವರ್ಷವಿಡೀ ಅದೇ ಊರಲ್ಲಿ ಬದುಕುವ ಹಕ್ಕಿ ಇರಲಿಲ್ಲ. ಎರಡೂ ಒಂದೆಡೆ ಸೇರಿದ್ದು ಪಂಜರದ ಹಕ್ಕಿಗಳು ಹಡಗುಗಳಲ್ಲಿ ಬರತೊಡಗಿದ ಮೇಲೆ.

ಗೊರವಂಕವನ್ನು 1865ರಲ್ಲಿ ಭಾರತದಿಂದ ಹವಾಯಿಗೆ ಒಯ್ದರು. ತರಿಸಿದವರು ವೈದ್ಯರೂ ಸಸ್ಯವಿಜ್ಞಾನಿಯೂ ಆಗಿದ್ದ ವಿಲಿಯಂ ಹಿಲ್ಲೆಬ್ರಾಂಡ್. ಉದ್ದೇಶ, ಪೈರು ಮೇಯುವ ಸೈನಿಕ ಹುಳುಗಳನ್ನು ತಿನ್ನಿಸುವುದು. ಕೆಂಪು ಕೊಕ್ಕಿನ ಲಿಯೋಥ್ರಿಕ್ಸ್ ಹಿಮಾಲಯದ ಕಡೆಯದು, ಜಪಾನಿನ ಬೆಳ್ಗಣ್ಣ 1929ರಲ್ಲಿ ಬಂದದ್ದು. 1930ರಲ್ಲಿ ಹೊನೊಲುಲುವಿನಲ್ಲಿ ‘ಹುಯಿ ಮನು’ ಎಂಬ ಸಂಘವೇ ಹುಟ್ಟಿಕೊಂಡಿತು. ಹಾಡುಹಕ್ಕಿಗಳನ್ನು ಹೊರದೇಶಗಳಿಂದ ತರಿಸಿ ತೋಟಗಳಲ್ಲಿ ಬಿಡುವುದೇ ಅದರ ಕೆಲಸ. 1968ರವರೆಗೂ ಅದು ನಡೆಯಿತು. ಇಲ್ಲೊಂದು ಕ್ರೂರ ವ್ಯಂಗ್ಯವಿದೆ. ಹೊರಗಿನ ಹಕ್ಕಿಗಳು ಬೇಕೆನಿಸಿದ್ದಕ್ಕೆ ಕಾರಣ, ಆ ಹೊತ್ತಿಗೆ ಹವಾಯಿಯ ತಗ್ಗುಪ್ರದೇಶದ ಮರಗಳಲ್ಲಿ ಸ್ಥಳೀಯ ಹಕ್ಕಿಗಳ ದನಿ ಅಡಗಿಹೋಗಿತ್ತು. ಕಾಡು ಕಡಿದದ್ದು, ಹಡಗಿನ ಇಲಿಗಳು, ಹಕ್ಕಿಸಿಡುಬು ಸೇರಿ ಆ ಮೌನವನ್ನು ತಂದಿದ್ದವು. ಮೌನ ಮುರಿಯಲು ಒಂದು ಸರಕು ತರಿಸಿದರು. ಅದೇ ಸರಕಿನಲ್ಲಿ ಇನ್ನೊಂದು ರೋಗಕ್ಕೂ ಜಾಗ ಸಿಕ್ಕಿತು. ಯಾವ ಹಕ್ಕಿ, ಯಾವ ಪಂಜರ ಎಂದು ಬೊಟ್ಟು ಮಾಡಿ ತೋರಿಸಲಾಗದು. 20ನೇ ಶತಮಾನದ ಮೊದಲ ದಶಕಗಳಲ್ಲಿ, ಇಂಥ ಪಂಜರದ ಹಕ್ಕಿಗಳ ಜತೆಯಲ್ಲೇ ಪರಾವಲಂಬಿ ಬಂದಿರಬೇಕು ಎನ್ನುವಲ್ಲಿ ಸಂಶೋಧಕರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಗುಬ್ಬಿಯ ರಕ್ತದಲ್ಲಿ ಸಿಕ್ಕ ಉತ್ತರ

ಹಕ್ಕಿ ಮಲೇರಿಯಾ ಎಂದೊಡನೆ ಹಲವರು ‘ನಮಗೆ ಅಂಟುತ್ತದೆಯೇ’ ಎಂದು ಕೇಳುತ್ತಾರೆ. ಅಂಟುವುದಿಲ್ಲ. ಮನುಷ್ಯರಿಗೆ ಮಲೇರಿಯಾ ತರುವ ಪರಾವಲಂಬಿಗಳೂ ಇವೂ ಒಂದೇ ಪ್ಲಾಸ್ಮೋಡಿಯಂ ಕುಲಕ್ಕೆ ಸೇರಿದ್ದರೂ ಪ್ರಭೇದ ಬೇರೆ, ಹರಡುವ ಸೊಳ್ಳೆಯೂ ಬೇರೆ. ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್ ಸೊಳ್ಳೆ ಹರಡಿದರೆ ಹಕ್ಕಿಗಳದ್ದನ್ನು ಮುಖ್ಯವಾಗಿ ಕ್ಯೂಲೆಕ್ಸ್ ಹರಡುತ್ತದೆ.

ಆದರೂ ಮನುಷ್ಯರ ಮಲೇರಿಯಾದ ಗುಟ್ಟು ಬಯಲಾಗಲು ಹಕ್ಕಿಯ ಮಲೇರಿಯಾವೇ ನೆರವಾಯಿತು. 1898ರಲ್ಲಿ ಕಲ್ಕತ್ತದಲ್ಲಿದ್ದ ರೊನಾಲ್ಡ್ ರಾಸ್‌ಗೆ ಮಲೇರಿಯಾ ರೋಗಿಗಳ ಮೇಲೆ ಪ್ರಯೋಗ ಮಾಡುವುದು ಕಷ್ಟವಾಗಿತ್ತು. ಆತ ಗುಬ್ಬಿ ಮುಂತಾದ ಹಕ್ಕಿಗಳ ಕಡೆ ತಿರುಗಿದ. ಸೋಂಕಿದ ಹಕ್ಕಿಯ ರಕ್ತ ಹೀರಿದ ಬೂದುಬಣ್ಣದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರಾವಲಂಬಿ ಬೆಳೆಯುವುದನ್ನು, ಅಲ್ಲಿಂದ ಅದು ಜೊಲ್ಲುಗ್ರಂಥಿಗೆ ಸಾಗುವುದನ್ನು, ಅದೇ ಸೊಳ್ಳೆ ಕಚ್ಚಿದ ಆರೋಗ್ಯವಂತ ಗುಬ್ಬಿಗೆ ರೋಗ ಬರುವುದನ್ನು ಹಂತಹಂತವಾಗಿ ತೋರಿಸಿದ. 1902ರ ನೊಬೆಲ್ ಬಹುಮಾನ ಸಂದದ್ದು ಈ ಕೆಲಸಕ್ಕೆ. ರಾಸ್ ಬಳಸಿದ ಪರಾವಲಂಬಿಗೆ ಇಂದಿನ ಹೆಸರು ಪ್ಲಾಸ್ಮೋಡಿಯಂ ರೆಲಿಕ್ಟಮ್. ಹವಾಯಿಯಲ್ಲಿ ಹನಿಕ್ರೀಪರ್‌ಗಳನ್ನು ಕೊಲ್ಲುತ್ತಿರುವುದೂ ಇದೇ ಪ್ರಭೇದ, ಹರಡುತ್ತಿರುವುದೂ ಅದೇ ಬಗೆಯ ಸೊಳ್ಳೆ. ಅಂದರೆ ಈ ರೋಗ ಹೇಗೆ ಹರಡುತ್ತದೆಂಬುದು ವಿಜ್ಞಾನಕ್ಕೆ 125 ವರ್ಷಗಳಿಂದ ಗೊತ್ತು. ಹಕ್ಕಿ ತರಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಅಷ್ಟೆ.

ಸೊಳ್ಳೆ ಚುಚ್ಚಿದಾಗ ಜೊಲ್ಲಿನೊಂದಿಗೆ ಹಕ್ಕಿಯ ಮೈಸೇರುವ ಪರಾವಲಂಬಿ ಮೊದಲು ಚರ್ಮ, ಗುಲ್ಮ, ಯಕೃತ್ತು ಮುಂತಾದ ಕಡೆಯ ಜೀವಕೋಶಗಳಲ್ಲಿ ಅಡಗಿ ಮರಿಹಾಕುತ್ತದೆ. ಆಮೇಲೆ ರಕ್ತಕ್ಕಿಳಿದು ಕೆಂಪು ರಕ್ತಕಣಗಳೊಳಗೆ ನುಗ್ಗಿ, ಅಲ್ಲಿ ಹೆಚ್ಚಿ, ಕಣ ಒಡೆದು ಹೊರಬಂದು ಹೊಸ ಕಣಗಳನ್ನು ಹುಡುಕುತ್ತದೆ. ಇದು ವಿಪರೀತಕ್ಕೆ ಹೋದಾಗ ಹಕ್ಕಿಗೆ ತೀವ್ರ ರಕ್ತಹೀನತೆ. ಗುಲ್ಮ, ಯಕೃತ್ತುಗಳು ಊದಿಕೊಂಡು ಕಪ್ಪಾಗುತ್ತವೆ. ಹಾರಲು ತ್ರಾಣವಿಲ್ಲದ ಹಕ್ಕಿ ಗರಿ ಉಬ್ಬಿಸಿಕೊಂಡು ಕೂತಲ್ಲೇ ಕೂರುತ್ತದೆ. ಇಲಿಗೋ ಬೆಕ್ಕಿಗೋ ಅಷ್ಟೇ ಸಾಕು. ಹೀಗಾಗಿ ಕಾಡಿನಲ್ಲಿ ಮಲೇರಿಯಾದಿಂದ ಸತ್ತ ಹಕ್ಕಿಯ ಹೆಣ ಸಿಗುವುದೇ ಅಪರೂಪ. ಹಕ್ಕಿಗಳು ‘ಎಲ್ಲೋ ಹೋದವು’ ಎಂದು ಎಷ್ಟೋ ವರ್ಷ ಅಂದುಕೊಂಡದ್ದಕ್ಕೆ ಇದೂ ಒಂದು ಕಾರಣ.

ಆ ಅನುಮಾನಕ್ಕೆ ತೆರೆ ಎಳೆದದ್ದು ರಿಚರ್ಡ್ ವಾರ್ನರ್ 1968ರಲ್ಲಿ ಪ್ರಕಟಿಸಿದ ಅಧ್ಯಯನ. ರೋಗ ಕಾಣದ ಕಡೆಗಳಿಂದ ಸ್ಥಳೀಯ ಹಕ್ಕಿಗಳನ್ನು ಹಿಡಿದು ಆತ ತಗ್ಗುಪ್ರದೇಶಕ್ಕೆ ತಂದ. ಕೆಲವನ್ನು ಸೊಳ್ಳೆ ನುಸುಳದ ಪರದೆಯ ಗೂಡಿನಲ್ಲಿಟ್ಟ, ಕೆಲವನ್ನು ತೆರೆದ ಗೂಡಿನಲ್ಲಿ. ಪರದೆಯೊಳಗಿನವು ಬದುಕಿದವು. ತೆರೆದ ಗೂಡಿನವು ಹಕ್ಕಿಸಿಡುಬು, ಮಲೇರಿಯಾಗಳಿಗೆ ಬಲಿಯಾದವು.

ಸಾಯದಿರುವುದರಲ್ಲೂ ಎರಡು ಬಗೆ

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ‘ಹೊರಗಿನ ಹಕ್ಕಿಗೆ ರೋಗ ತಾಗುವುದಿಲ್ಲ’ ಎನ್ನುವ ಮಾತಿನಲ್ಲಿ ಎರಡು ಬೇರೆಬೇರೆ ಸಂಗತಿಗಳು ಕಲಸಿಹೋಗಿವೆ.

ಒಂದನೆಯದು ಪ್ರತಿರೋಧ. ಪರಾವಲಂಬಿ ಮೈಸೇರಿದರೂ ಬೆಳೆಯಲು ಆಗುವುದಿಲ್ಲ. ಹಕ್ಕಿಯ ದೇಹ ಅದನ್ನು ಆರಂಭದಲ್ಲೇ ಮಟ್ಟಹಾಕುತ್ತದೆ. ಇಂಥ ಹಕ್ಕಿಯನ್ನು ಸೊಳ್ಳೆ ಕಚ್ಚಿದರೆ ಸೊಳ್ಳೆಗೆ ಏನೂ ಸಿಗುವುದಿಲ್ಲ. ಆ ಮಟ್ಟಿಗೆ ಇಂಥ ಹಕ್ಕಿ ರೋಗ ಹರಡುವುದಕ್ಕೆ ಅಡ್ಡಿಯೇ ಆಗುತ್ತದೆ, ಏಕೆಂದರೆ ಸೊಳ್ಳೆಯ ಒಂದು ಊಟ ವ್ಯರ್ಥವಾಯಿತಲ್ಲ!

ಎರಡನೆಯದು ಸಹಿಷ್ಣುತೆ. ಪರಾವಲಂಬಿ ರಕ್ತದಲ್ಲಿ ಇರುತ್ತದೆ, ಸೊಳ್ಳೆಗೆ ದಾಟಬಲ್ಲ ರೂಪವನ್ನೂ ತಾಳುತ್ತದೆ, ಆದರೆ ಹಕ್ಕಿ ಮಾಮೂಲಿನಂತೆ ತಿಂದು, ಹಾಡಿ, ಗೂಡು ಕಟ್ಟಿಕೊಂಡಿರುತ್ತದೆ. ಅಪಾಯವಿರುವುದು ಇಲ್ಲಿ. ರೋಗ ಬಂದು ಬೇಗ ಸಾಯುವ ಹಕ್ಕಿಯಿಂದ ಪರಾವಲಂಬಿಗೆ ಸಿಗುವುದು ಕೆಲವೇ ದಿನಗಳ ಅವಕಾಶ. ಸಾಯದೆ, ವರ್ಷಗಟ್ಟಲೆ ಸಣ್ಣಪ್ರಮಾಣದಲ್ಲಿ ಸೋಂಕನ್ನು ಉಳಿಸಿಕೊಳ್ಳುವ ಹಕ್ಕಿ ಪರಾವಲಂಬಿಗೆ ಕಾಯಂ ಆಶ್ರಯ. ಹಕ್ಕಿ ಮಲೇರಿಯಾ ಒಮ್ಮೆ ಬಂದರೆ ಬಹುಮಟ್ಟಿಗೆ ಜೀವಮಾನದುದ್ದಕ್ಕೂ ಉಳಿಯುತ್ತದೆ. ಸಂತಾನಕಾಲದಲ್ಲಿ, ದೇಹ ದಣಿದಾಗ ಮತ್ತೆ ತಲೆ ಎತ್ತುತ್ತದೆ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇನ್ನೂ ಸೋಜಿಗದ ವಿಷಯ ಕಂಡಿತು. ಹಳೆಯ ಸೋಂಕಿದ್ದ ಕ್ಯಾನರಿ ಹಕ್ಕಿಗಳಿಗೆ ಸೋಂಕೇ ಇಲ್ಲದ ಸೊಳ್ಳೆಗಳಿಂದ ಕಚ್ಚಿಸಿದಾಗ ರಕ್ತದಲ್ಲಿದ್ದ ಪರಾವಲಂಬಿಗಳ ಸಂಖ್ಯೆ ಏರಿತು. ಸೊಳ್ಳೆಗಳು ಬಂದಿವೆ, ಹೊರಡುವ ಹೊತ್ತಾಯಿತು ಎಂಬ ಸುಳಿವು ಪರಾವಲಂಬಿಗೆ ಸಿಗುತ್ತದೆ ಎಂದಾಯಿತು.

ಹಾಗಾದರೆ ಹವಾಯಿಯಲ್ಲಿ ಈ ಕಾಯಂ ಆಶ್ರಯ ಯಾರದ್ದು? ಚಾರ್ಲ್ಸ್ ವಾನ್ ರೈಪರ್ ಮತ್ತು ಸಂಗಡಿಗರು ಮೌನಾ ಲೋವಾ ಪರ್ವತದ ಇಳಿಜಾರುಗಳಲ್ಲಿ ದೀರ್ಘಕಾಲ ರಕ್ತಪರೀಕ್ಷೆ ನಡೆಸಿ 1986ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಕೊಟ್ಟ ಉತ್ತರ ಎಲ್ಲರ ಊಹೆಗೆ ವಿರುದ್ಧವಾಗಿತ್ತು. ಹೊರಗಿನ ಹಕ್ಕಿಗಳಲ್ಲಿ ಸೋಂಕಿನ ಪ್ರಮಾಣ ಕಡಿಮೆ. ಹೆಚ್ಚಿದ್ದದ್ದು ಸ್ಥಳೀಯ ಹಕ್ಕಿಗಳಲ್ಲೇ. ಅದರಲ್ಲೂ ಅಪಪನೆ ಎಂಬ ಕೆಂಪು ಹನಿಕ್ರೀಪರ್. ಇದು ಮಲೇರಿಯಾಕ್ಕೆ ಇಈವಿಯಷ್ಟು ಸುಲಭದಲ್ಲಿ ತುತ್ತಾಗುವುದಿಲ್ಲ. ಕೆಲವು ಸಾಯುತ್ತವೆ, ಬದುಕಿದವು ಸೋಂಕು ಹೊತ್ತೇ ತಿರುಗುತ್ತವೆ. ಓಹಿಯಾ ಮರ ಎಲ್ಲಿ ಹೂಬಿಟ್ಟಿದೆಯೋ ಅಲ್ಲಿಗೆ ಬೆಟ್ಟ ಹತ್ತಿಳಿದು ಮೈಲುಗಟ್ಟಲೆ ಹಾರುವುದು ಅಪಪನೆಯ ಸ್ವಭಾವ. ತಗ್ಗಿನಲ್ಲಿ ಅಂಟಿಸಿಕೊಂಡ ಪರಾವಲಂಬಿಯನ್ನು ಎತ್ತರದ ಕಾಡಿಗೆ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ವಾಹಕ ಬೇಕೇ?

ಇಷ್ಟು ಗೊತ್ತಾದ ಮೇಲೂ ಹೊರಗಿನ ಹಕ್ಕಿಗಳನ್ನು ಹೊಡೆದುಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಬೆಳ್ಗಣ್ಣ, ಲಿಯೋಥ್ರಿಕ್ಸ್‌ಗಳು ಪೂರ್ತಿ ನಿರಪರಾಧಿಗಳು ಎಂದು ನಾನು ಹೇಳುತ್ತಿಲ್ಲ. ಅವುಗಳ ರಕ್ತದಲ್ಲೂ ಪರಾವಲಂಬಿ ಸಿಗುತ್ತದೆ, ಮೇಲಾಗಿ ಅವುಗಳ ಸಂಖ್ಯೆ ದೊಡ್ಡದು. ಅಲ್ಪಸ್ವಲ್ಪ ಸೋಂಕೂ ಒಟ್ಟಿನಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ಹೊರಗಿನ ಹಕ್ಕಿಗಳೆಲ್ಲ ನಾಳೆಯೇ ಮಾಯವಾದರೂ ಹವಾಯಿಯಲ್ಲಿ ಮಲೇರಿಯಾ ನಿಲ್ಲುವುದಿಲ್ಲ. ಇನ್ನೊಂದು ಮಾತು. ಸ್ಥಳೀಯ ಹಕ್ಕಿಗಳು ಅಳಿದ ಕಡೆ ಗಿಡಗಳ ಹಣ್ಣು ತಿಂದು ಬೀಜ ಚೆಲ್ಲುವ ಕೆಲಸವನ್ನು ಈಗ ಮಾಡುತ್ತಿರುವುದು ಬಹುತೇಕ ಹೊರಗಿನ ಹಕ್ಕಿಗಳೇ.

ನ್ಯೂಜಿಲೆಂಡಿನ ಲೆಕ್ಕ ಬೇರೆ

ಹವಾಯಿಯ ಪಾಠವನ್ನು ಹಾಗೆಯೇ ಎಲ್ಲ ಕಡೆಗೂ ಅನ್ವಯಿಸಿದರೆ ಮತ್ತೆ ಎಡವುತ್ತೇವೆ. ನ್ಯೂಜಿಲೆಂಡ್ ಅದಕ್ಕೆ ನಿದರ್ಶನ.

1860ರ ದಶಕದಿಂದ ಅಲ್ಲಿನ ವಸಾಹತುಗಾರರು ‘ಅಕ್ಲಿಮಟೈಸೇಷನ್ ಸೊಸೈಟಿ’ಗಳನ್ನು ಕಟ್ಟಿಕೊಂಡು ಬ್ರಿಟನ್ನಿನ ಹಕ್ಕಿಗಳನ್ನು ಹಡಗುಗಳಲ್ಲಿ ತರಿಸಿದರು. ಬ್ಲ್ಯಾಕ್‌ಬರ್ಡ್, ಸಾಂಗ್ ಥ್ರಷ್, ಗುಬ್ಬಚ್ಚಿ, ಕಬ್ಬಕ್ಕಿಯ ಜಾತಿಯ ಸ್ಟಾರ್ಲಿಂಗ್, ಹಲವು ಫಿಂಚ್‌ಗಳು. ಬೆಳೆಗೆ ಬೀಳುವ ಹುಳ ತಿನ್ನಲಿ ಎಂಬುದು ಒಂದು ನೆಪ. ಬಿಟ್ಟುಬಂದ ಊರಿನ ಹಾಡು ಕೇಳಲಿ ಎಂಬುದು ಅದಕ್ಕಿಂತ ಬಲವಾದ ಆಸೆ. ಕೆಲವೇ ದಶಕಗಳಲ್ಲಿ ಬ್ಲ್ಯಾಕ್‌ಬರ್ಡ್ ಮನೆಯಂಗಳದಿಂದ ಹಿಡಿದು ದಟ್ಟ ಕಾಡಿನವರೆಗೆ ಎಲ್ಲೆಡೆ ಕಾಣುವ ಹಕ್ಕಿಯಾಯಿತು. ಕ್ಯೂಲೆಕ್ಸ್ ಕ್ವಿಂಕಿಫ್ಯಾಸಿಯೇಟಸ್ ಕೂಡ 19ನೇ ಶತಮಾನದಲ್ಲೇ ಹಡಗುಗಳಲ್ಲಿ ಬಂದು ಸೇರಿತು. ಆದರೆ ಹವಾಯಿಯಂತೆ ನ್ಯೂಜಿಲೆಂಡ್ ಸೊಳ್ಳೆರಹಿತ ನಾಡಾಗಿರಲಿಲ್ಲ; ಅದಕ್ಕೆ ತನ್ನದೇ ಕ್ಯೂಲೆಕ್ಸ್ ಸೊಳ್ಳೆಗಳಿದ್ದವು, ಪ್ರಾಯಶಃ ತನ್ನದೇ ಕೆಲವು ಹಕ್ಕಿ ಮಲೇರಿಯಾ ತಳಿಗಳೂ.

ಮೊದಲೆಲ್ಲ ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಡಿ ನೋಡಿ ಪರಾವಲಂಬಿ ಹುಡುಕುತ್ತಿದ್ದರು. ಹಳೆಯ ಸೋಂಕಿನಲ್ಲಿ ಸಾವಿರಾರು ರಕ್ತಕಣಗಳಿಗೆ ಒಂದರಂತೆಯೂ ಸಿಗದಿರಬಹುದು; ಕಣ್ಣಿಗೆ ಬೀಳದೆ ಹೋದರೆ ಹಕ್ಕಿ ಆರೋಗ್ಯವಾಗಿದೆ ಎಂದು ಬರೆದುಬಿಡುವುದೇ. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಚಿತ್ರ ಬದಲಾಯಿತು. ರಕ್ತದ ಒಂದು ಹನಿಯಲ್ಲಿ ಪರಾವಲಂಬಿ ಇದೆಯೇ ಎಂಬುದಷ್ಟೇ ಅಲ್ಲ, ಅದು ಯಾವ ತಳಿಯದು, ಜಗತ್ತಿನ ಬೇರೆಲ್ಲಿ, ಯಾವ ಹಕ್ಕಿಯಲ್ಲಿ ಸಿಕ್ಕಿದೆ ಎಂಬುದನ್ನೂ ತಾಳೆನೋಡಬಹುದು. ಅದಕ್ಕಾಗಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು ಕಟ್ಟಿದ ‘ಮಾಲ್‌ಏವಿ’ ಎಂಬ ಮುಕ್ತ ದತ್ತಸಂಚಯವೇ ಇದೆ. ಹವಾಯಿಯ ತಳಿಗೆ ಅಲ್ಲಿ ಜಿಆರ್‌ಡಬ್ಲ್ಯು 4 ಎಂದು ಹೆಸರು.

ಹೀಗೆ ತಾಳೆನೋಡಿದಾಗ ನ್ಯೂಜಿಲೆಂಡಿನಲ್ಲಿ ಸಿಕ್ಕ ತಳಿಗಳಲ್ಲಿ ಹಲವು ಯುರೋಪ್ ಮತ್ತಿತರ ಕಡೆಗಳಲ್ಲಿ ವ್ಯಾಪಕವಾಗಿರುವಂಥವು ಎಂದು ತಿಳಿಯಿತು. ಬ್ಲ್ಯಾಕ್‌ಬರ್ಡ್ ಮತ್ತು ಸಾಂಗ್ ಥ್ರಷ್‌ಗಳಲ್ಲಿ ಸೋಂಕಿನ ಪ್ರಮಾಣ ಮತ್ತೆಮತ್ತೆ ಮೇಲ್ಮಟ್ಟದಲ್ಲಿ ಕಂಡುಬಂತು. ಇಲ್ಲಿ ಮಾತ್ರ ಹೊರಗಿನ ಹಕ್ಕಿಯನ್ನು ರೋಗದ ಕಣಜ ಎಂದು ಕರೆಯಲು ಆಧಾರವಿದೆ. ಡೇನಿಯಲ್ ಟಾಂಪ್ಕಿನ್ಸ್ ಮತ್ತು ಡಯಾನ್ ಗ್ಲೀಸನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದ ಉತ್ತರದಿಂದ ದಕ್ಷಿಣಕ್ಕೆ ಹೋದಂತೆ, ಅಂದರೆ ಸೆಕೆಯಿಂದ ಚಳಿಯ ಕಡೆಗೆ ಹೋದಂತೆ, ಹೊರಗಿನ ಹಕ್ಕಿಗಳಲ್ಲಿ ಸೋಂಕು ಇಳಿಯುತ್ತದೆ. ಹೊರಗಿನ ಸೊಳ್ಳೆ ಹರಡಿರುವ ರೀತಿಗೂ ಇದಕ್ಕೂ ಹೊಂದಿಕೆಯಾಗುತ್ತದೆ.

ಪರಿಣಾಮ ಎದ್ದುಕಂಡದ್ದು ಸಂರಕ್ಷಣಾ ಕೇಂದ್ರಗಳಲ್ಲಿ. ಮೋಹುವಾ ಎಂಬ ಹಳದಿ ತಲೆಯ ಕಾಡುಹಕ್ಕಿಯನ್ನು ತಂಪಾದ ಕಾಡಿನಿಂದ ತಂದು ಕ್ರೈಸ್ಟ್‌ಚರ್ಚ್ ಬಳಿ ಸಾಕುತ್ತಿದ್ದಾಗ ಹಲವು ಸತ್ತವು. ಪರೀಕ್ಷಿಸಿದಾಗ ಮಲೇರಿಯಾ, ಸುತ್ತಲಿನ ಗುಬ್ಬಚ್ಚಿಗಳಲ್ಲೂ ಸೋಂಕಿತ್ತು. ಸಾಕಿ ಬೆಳೆಸುತ್ತಿದ್ದ ಕಿವಿ ಹಕ್ಕಿಗಳಲ್ಲೂ ಪ್ರಕರಣಗಳು ವರದಿಯಾಗಿವೆ. ಅಳಿವಿನಂಚಿನ ಹಕ್ಕಿಯನ್ನು ಕಾಪಾಡಲೆಂದು ಕಾಡಿನಿಂದ ಕೆಳಗಿಳಿಸಿ, ಬ್ಲ್ಯಾಕ್‌ಬರ್ಡ್, ಗುಬ್ಬಿ, ಸೊಳ್ಳೆಗಳ ನಡುವೆ ಗೂಡಿನಲ್ಲಿ ಕೂರಿಸುವುದು ಎಷ್ಟು ಅಪಾಯಕಾರಿ ಎಂದು ಆಗ ಗೊತ್ತಾಯಿತು. ಇದು ಮೃಗಾಲಯಗಳಿಗೆ ಹೊಸ ಸುದ್ದಿಯೇನೂ ಅಲ್ಲ. ಸೊಳ್ಳೆ ಹೆಚ್ಚಿಲ್ಲದ ತೀರಗಳಿಂದ ಬಂದ ಪೆಂಗ್ವಿನ್‌ಗಳು ಪ್ರಪಂಚದ ಎಷ್ಟೋ ಮೃಗಾಲಯಗಳಲ್ಲಿ ಇದೇ ರೋಗಕ್ಕೆ ಸತ್ತಿವೆ. 2012ರಲ್ಲಿ ಲಂಡನ್ ಮೃಗಾಲಯ ಆರು ಹಂಬೋಲ್ಟ್ ಪೆಂಗ್ವಿನ್‌ಗಳನ್ನು ಕಳೆದುಕೊಂಡಿತು. ಅಲ್ಲಿ ರೋಗ ಕೊಟ್ಟದ್ದು ಲಂಡನ್ನಿನದೇ ಹಕ್ಕಿಗಳ ರಕ್ತ ಕುಡಿದ ಸೊಳ್ಳೆ. ಹೊರಗಿನಿಂದ ಬಂದದ್ದು ಪೆಂಗ್ವಿನ್! ಯಾರು ಸ್ಥಳೀಯ, ಯಾರು ಪರಕೀಯ ಎಂಬುದು ಇಲ್ಲಿ ತಲೆಕೆಳಗಾಯಿತು. ಈ ಪರಾವಲಂಬಿಯೊಂದಿಗೆ ಯಾರ ಪೂರ್ವಜರು ಬದುಕಿ ಪಳಗಿದ್ದಾರೆ, ಯಾರದು ಮೊದಲ ಭೇಟಿ ಎಂಬುದೇ ಸಾವು-ಬದುಕನ್ನು ತೀರ್ಮಾನಿಸುವುದು.

ಕಾಡಿನಲ್ಲಿರುವ ನ್ಯೂಜಿಲೆಂಡ್ ಹಕ್ಕಿಗಳ ಒಟ್ಟು ಸಂಖ್ಯೆಯನ್ನೇ ಮಲೇರಿಯಾ ಕುಗ್ಗಿಸುತ್ತಿದೆ ಎಂಬುದಕ್ಕೆ ಹವಾಯಿಯಲ್ಲಿರುವಷ್ಟು ಗಟ್ಟಿ ಪುರಾವೆ ಇಲ್ಲ. ಅಲ್ಲಿ ಇವತ್ತಿಗೂ ದೊಡ್ಡ ಕೊಲೆಗಡುಕರು ಇಲಿ, ಮುಂಗುಸಿಯಂಥ ಸ್ಟೋಟ್, ಮರವೇರುವ ಪಾಸಮ್‌ಗಳೇ. ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ಸಾಯಿಸದ ಸೋಂಕೂ ಹಕ್ಕಿಯಿಂದ ಬೆಲೆ ವಸೂಲು ಮಾಡುತ್ತದೆ. ಸ್ವೀಡನ್ನಿನಲ್ಲಿ ಗ್ರೇಟ್ ರೀಡ್ ವಾರ್ಬ್ಲರ್ ಹಕ್ಕಿಗಳನ್ನು ದೀರ್ಘಕಾಲ ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ಸೋಂಕಿತ ಹಕ್ಕಿಗಳ ವರ್ಣತಂತುಗಳ ತುದಿಗಳು ಬೇಗ ಸವೆದು, ಅವು ಕಡಿಮೆ ಕಾಲ ಬದುಕಿ, ಕಡಿಮೆ ಮರಿ ಬೆಳೆಸಿದ್ದು ಕಂಡಿತು. ‘ಏನೂ ಆಗಿಲ್ಲ’ ಎನ್ನುವ ಹಕ್ಕಿಗೂ ಏನೋ ಆಗಿರುತ್ತದೆ.

ಏರಲು ಇನ್ನು ಬೆಟ್ಟವಿಲ್ಲ

ಹವಾಯಿಯಲ್ಲಿ ಇಷ್ಟು ವರ್ಷ ಸ್ಥಳೀಯ ಹಕ್ಕಿಗಳು ಉಳಿದದ್ದು ಚಳಿಯ ಕೃಪೆಯಿಂದ. ಉಷ್ಣಾಂಶ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಸೊಳ್ಳೆಯ ಹೊಟ್ಟೆಯಲ್ಲಿ ಪರಾವಲಂಬಿ ಬೆಳೆಯುವುದಿಲ್ಲ. ಅದಕ್ಕಿಂತ ತುಸು ಮೇಲಿದ್ದರೂ ಬೆಳವಣಿಗೆ ಎಷ್ಟು ನಿಧಾನವೆಂದರೆ ಅದು ಪೂರ್ಣವಾಗುವ ಮೊದಲೇ ಸೊಳ್ಳೆಯ ಆಯಸ್ಸು ಮುಗಿದಿರುತ್ತದೆ. ಹಾಗಾಗಿ ಸುಮಾರು 1,500 ಮೀಟರಿಗಿಂತ ಎತ್ತರದ ಕಾಡುಗಳು ಬಹುಪಾಲು ಸುರಕ್ಷಿತವಾಗಿದ್ದವು. ರೋಗ ಅತಿ ಹೆಚ್ಚಾಗಿದ್ದದ್ದು ತಗ್ಗಿನಲ್ಲೂ ಅಲ್ಲ, ನಡುವಿನ ಎತ್ತರದಲ್ಲಿ. ತಗ್ಗಿನಲ್ಲಿ ಸಾಯುವ ಹಕ್ಕಿಗಳೆಲ್ಲ ಸತ್ತಾಗಿತ್ತು. ಮೇಲೆ ಸೊಳ್ಳೆ ಕಡಿಮೆ. ನಡುವೆ ಸೊಳ್ಳೆಯೂ ಇದೆ, ಹೂವಿನ ಹುಡುಕಾಟದಲ್ಲಿ ಇಳಿದುಬರುವ ಇಈವಿಯೂ ಇದೆ.

ಈಗ ಚಳಿಯ ಗಡಿ ಮೇಲಕ್ಕೆ ಸರಿಯುತ್ತಿದೆ. ಕವಾಯಿ ದ್ವೀಪದ ಅತಿ ಎತ್ತರದ ಶಿಖರವೇ 1,600 ಮೀಟರ್ ಮುಟ್ಟುವುದಿಲ್ಲ. ಅಲ್ಲಿನ ಅಲಕಾಯಿ ಪ್ರಸ್ಥಭೂಮಿಯಲ್ಲಿ 1990ರ ದಶಕದ ಮಧ್ಯಭಾಗಕ್ಕೂ 2007–2013ರ ಅವಧಿಗೂ ಹೋಲಿಸಿದಾಗ ಹಕ್ಕಿಗಳಲ್ಲಿ ಮಲೇರಿಯಾ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಅಲ್ಲಿ ಮಾತ್ರ ಇರುವ ಅಕಿಕಿಕಿ ಎಂಬ ಬೂದುಬಣ್ಣದ ಪುಟ್ಟ ಹಕ್ಕಿ 2018ರ ಅಂದಾಜಿನಲ್ಲಿ ಸುಮಾರು 450 ಇತ್ತು. 2023ರಲ್ಲಿ ಕಾಡಿನಲ್ಲಿ ಐದು. ಅದೇ ವರ್ಷ ಅಮೆರಿಕ ಸರ್ಕಾರ ಅಳಿದುಹೋದವೆಂದು ಘೋಷಿಸಿ ಸಂರಕ್ಷಿತ ಪಟ್ಟಿಯಿಂದ ತೆಗೆದುಹಾಕಿದ 21 ಪ್ರಭೇದಗಳಲ್ಲಿ ಎಂಟು ಹವಾಯಿಯ ಕಾಡುಹಕ್ಕಿಗಳು.

ಮಾವಿ ದ್ವೀಪದ ಕಿವಿಕಿಯು ಹಕ್ಕಿಯ ಕಥೆಯನ್ನೂ ಹೇಳಬೇಕು. ಗಿಣಿಯಂಥ ಕೊಕ್ಕಿನಿಂದ ಕೊಂಬೆ ಸೀಳಿ ಹುಳ ತೆಗೆಯುವ ಈ ಹಕ್ಕಿಗಳು 150ಕ್ಕಿಂತ ಕಡಿಮೆ ಉಳಿದಿವೆ ಎಂದು ಅಂದಾಜು. 2019ರಲ್ಲಿ ಅದೇ ದ್ವೀಪದ ಇನ್ನೊಂದು ಮಗ್ಗುಲಿನ ನಕುಲಾ ಎಂಬಲ್ಲಿ, ಬೇಲಿ ಹಾಕಿ ಮತ್ತೆ ಬೆಳೆಸಿದ ಕಾಡಿನಲ್ಲಿ ಇವಕ್ಕೆ ಎರಡನೇ ನೆಲೆ ಮಾಡಿಕೊಡಲು ಹೊರಟರು. ವರ್ಷಗಳ ತಯಾರಿ. ಕಾಡಿನಿಂದ ಹಿಡಿದವು, ಕೇಂದ್ರದಲ್ಲಿ ಬೆಳೆಸಿದವು ಎರಡನ್ನೂ ಒಯ್ದರು. ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತವು ಇಲ್ಲವೇ ಕಣ್ಮರೆಯಾದವು. ಸಿಕ್ಕ ಹೆಣಗಳಲ್ಲಿ ಮಲೇರಿಯಾ. ಸೊಳ್ಳೆ ಅಷ್ಟು ಎತ್ತರಕ್ಕೆ, ಅಷ್ಟು ಸಂಖ್ಯೆಯಲ್ಲಿ ಬಂದಿರುತ್ತದೆಂದು ಯಾರೂ ಎಣಿಸಿರಲಿಲ್ಲ. ಕಾಡು ಬೆಳೆಸುವುದು, ಬೇಲಿ ಹಾಕುವುದು, ಇಲಿ ಹಿಡಿಯುವುದು ಎಲ್ಲವೂ ಬೇಕಾದ ಕೆಲಸಗಳೇ; ಸೊಳ್ಳೆ ಇರುವ ತನಕ ಯಾವುದೂ ಸಾಲುವುದಿಲ್ಲ ಎಂಬುದು ಅಂದು ಖಚಿತವಾಯಿತು.

ಅದಕ್ಕೇ ಈಗಿನ ಪಂದ್ಯವೆಲ್ಲ ಸೊಳ್ಳೆಯ ಮೇಲೆ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹಲವು ಕೀಟಗಳ ಜೀವಕೋಶಗಳಲ್ಲಿ ಸಹಜವಾಗಿಯೇ ಇರುತ್ತದೆ. ಗಂಡು ಸೊಳ್ಳೆಯಲ್ಲಿ ಒಂದು ತಳಿಯ ವೊಲ್ಬಾಕಿಯಾ, ಹೆಣ್ಣಿನಲ್ಲಿ ಇನ್ನೊಂದು ತಳಿಯದ್ದು ಇದ್ದರೆ ಅವುಗಳ ಮೊಟ್ಟೆ ಒಡೆಯುವುದಿಲ್ಲ. ಪ್ರಯೋಗಾಲಯದಲ್ಲಿ ಬೇರೆ ತಳಿಯ ವೊಲ್ಬಾಕಿಯಾ ಸೇರಿಸಿ ಬೆಳೆಸಿದ ಗಂಡುಗಳನ್ನು ಭಾರಿ ಸಂಖ್ಯೆಯಲ್ಲಿ ಕಾಡಿಗೆ ಬಿಟ್ಟರೆ ಹೆಣ್ಣುಗಳು ಅವುಗಳೊಂದಿಗೆ ಕೂಡುತ್ತವೆ, ಮುಂದಿನ ಪೀಳಿಗೆ ಕುಗ್ಗುತ್ತದೆ. ಗಂಡು ಸೊಳ್ಳೆ ಕಚ್ಚುವುದಿಲ್ಲ, ಹಾಗಾಗಿ ರೋಗ ಹರಡುವ ಭಯವಿಲ್ಲ. ಕೀಟನಾಶಕ ಸಿಂಪಡಿಸಿ ಕಾಡಿನ ಇತರ ಕೀಟಗಳನ್ನು ಕೊಲ್ಲುವ ಪ್ರಮೇಯವೂ ಇಲ್ಲ. ‘ಬರ್ಡ್ಸ್ ನಾಟ್ ಮಸ್ಕಿಟೋಸ್’ ಎಂಬ ಒಕ್ಕೂಟದಡಿ ಸರ್ಕಾರಿ ಇಲಾಖೆಗಳೂ ಸಂರಕ್ಷಣಾ ಸಂಸ್ಥೆಗಳೂ ಸೇರಿ 2023ರ ಕೊನೆಯಲ್ಲಿ ಪೂರ್ವ ಮಾವಿಯ ಕಾಡುಗಳಲ್ಲಿ ಇದನ್ನು ಆರಂಭಿಸಿದವು. ದಾರಿಯೇ ಇಲ್ಲದ ಕಡಿದಾದ ಜಾಗಗಳಿಗೆ ಹೆಲಿಕಾಪ್ಟರಿನಿಂದ, ಆಮೇಲೆ ಡ್ರೋನ್‌ಗಳಿಂದ, ಮಣ್ಣಲ್ಲಿ ಕರಗುವ ಡಬ್ಬಿಗಳಲ್ಲಿ ವಾರಕ್ಕೆ ಲಕ್ಷಗಟ್ಟಲೆ ಸೊಳ್ಳೆ ಬೀಳಿಸುತ್ತಾರೆ. ಕವಾಯಿಗೂ ಇದು ವಿಸ್ತರಿಸಿದೆ. ಸೊಳ್ಳೆ ಆ ದ್ವೀಪಗಳಿಗೆ ಬಂದು ಸುಮಾರು 200 ವರ್ಷವಷ್ಟೇ ಆಗಿರುವುದರಿಂದ ಅದನ್ನೇ ನಂಬಿ ಬದುಕುವ ಸ್ಥಳೀಯ ಜೀವಿ ಇಲ್ಲ ಎಂಬುದು ಈ ಯೋಜನೆಯ ಪರವಾಗಿರುವ ದೊಡ್ಡ ಅಂಶ.

ಮಿತಿಗಳೂ ಇವೆ. ಬಿಡುವುದನ್ನು ನಿಲ್ಲಿಸಿದರೆ ಸೊಳ್ಳೆ ತಗ್ಗಿನಿಂದ ಮತ್ತೆ ಏರುತ್ತದೆ. ಅಂದರೆ ಇದು ಮುಗಿಯುವ ಕೆಲಸವಲ್ಲ. ಕಾಡುಹಂದಿಗಳು ಮರಜರಿಗಿಡದ ಕಾಂಡ ತೋಡಿ ತಿಂದ ಗುಳಿಗಳಲ್ಲಿ ಮಳೆನೀರು ನಿಂತು ಸೊಳ್ಳೆಗೆ ತೊಟ್ಟಿಲಾಗುತ್ತದೆ. ಹಂದಿಗಳನ್ನು ಹೊರಗಿಡುವ ಬೇಲಿಯ ಕೆಲಸವೂ ಜತೆಗೇ ನಡೆಯಬೇಕು.

ಇನ್ನು ಹಕ್ಕಿಗಳೇ ಪಳಗಿಬಿಟ್ಟರೆ? ಅಂಥ ಉದಾಹರಣೆಯೂ ಹವಾಯಿಯಲ್ಲೇ ಇದೆ. ಅಮಾಕಿಹಿ ಎಂಬ ಹಸಿರು ಹಳದಿ ಹನಿಕ್ರೀಪರ್ ಅಲ್ಲಿನ ಅತಿ ದೊಡ್ಡ ದ್ವೀಪದ ತಗ್ಗುಕಾಡುಗಳಲ್ಲಿ, ಸೊಳ್ಳೆ ತುಂಬಿದ ಜಾಗದಲ್ಲೇ, ಮತ್ತೆ ಹೆಚ್ಚುತ್ತಿರುವುದನ್ನು 2005ರ ಅಧ್ಯಯನ ದಾಖಲಿಸಿತು. ಅಲ್ಲಿನ ಬಹುಪಾಲು ಹಕ್ಕಿಗಳ ಮೈಯಲ್ಲಿ ಸೋಂಕಿದೆ, ಆದರೂ ಬದುಕಿವೆ. ಇದನ್ನು ತೋರಿಸಿ ‘ಪ್ರಕೃತಿ ತಾನೇ ಸರಿಮಾಡಿಕೊಳ್ಳುತ್ತದೆ’ ಎನ್ನುವವರಿದ್ದಾರೆ. ಅಮಾಕಿಹಿ ಹಾಗೆ ಪಳಗಲು ಸಾಧ್ಯವಾದದ್ದು ಅದರ ಸಂಖ್ಯೆ ದೊಡ್ಡದಿದ್ದುದರಿಂದ: ಬಹುಸಂಖ್ಯೆಯಲ್ಲಿ ಸತ್ತ ಮೇಲೂ ತಡೆದುಕೊಂಡ ಕೆಲವು ಉಳಿದು ಸಂತತಿ ಬೆಳೆಸಲು ಅವಕಾಶವಿತ್ತು. ಐದೇ ಅಕಿಕಿಕಿಗಳಿಗೆ ಆ ಅವಕಾಶವಿಲ್ಲ. ಅಲ್ಲದೆ ಸೋಂಕು ಹೊತ್ತು ಬದುಕಲು ಕಲಿತ ಅಮಾಕಿಹಿ, ಪರಾವಲಂಬಿಯ ಲೆಕ್ಕದಲ್ಲಿ, ಇನ್ನೊಂದು ಕಾಯಂ ಆಶ್ರಯ. ಅದರ ಪಕ್ಕದ ಮರದಲ್ಲಿ ಹೂ ಹುಡುಕಿ ಬಂದು ಕೂರುವ ಇಈವಿಗೆ ಅದರಿಂದ ಅಪಾಯವೇ ಹೊರತು ಲಾಭವಿಲ್ಲ.

ಹಾಗಾಗಿ ಹವಾಯಿಯಲ್ಲಿ ಈಗ ಕೇಳಬೇಕಾದ್ದು ‘ಎಷ್ಟು ಹೊರಗಿನ ಹಕ್ಕಿಗಳಿವೆ’ ಎಂದಲ್ಲ. ಸೋಂಕಿದ ಹಕ್ಕಿಗಳು ಇನ್ನೂ ಹಲವು ವರ್ಷ ಇದ್ದೇ ಇರುತ್ತವೆ, ಸ್ಥಳೀಯವೂ ಹೊರಗಿನವೂ. ಎತ್ತರದ ಕಾಡಿನ ಬಲೆಗಳಲ್ಲಿ ವಾರದಿಂದ ವಾರಕ್ಕೆ ಎಷ್ಟು ಹೆಣ್ಣು ಸೊಳ್ಳೆ ಬೀಳುತ್ತಿವೆ ಎಂಬುದೇ ನೋಡಬೇಕಾದ ಅಂಕಿ. ಸಂತಾನಕೇಂದ್ರಗಳಲ್ಲಿ ಪರದೆಯ ಹಿಂದೆ ಬೆಳೆಯುತ್ತಿರುವ ಅಕಿಕಿಕಿಗಳನ್ನು ಯಾವಾಗ ಹೊರಗೆ ಬಿಡಬಹುದು ಎಂಬುದನ್ನು ಆ ಅಂಕಿಯೇ ತೀರ್ಮಾನಿಸುತ್ತದೆ.